ಉಡಿಯ ಮಗುವೂ ಗಡಿಯ ಕಾಯಿದೆಯೂ



'ದತ್ತ' ಎಂಬ ಶಬ್ದಕ್ಕೆ 'ಕೊಡಲ್ಪಟ್ಟದ್ದು' ಎಂದರ್ಥ. ಮಗುವನ್ನು ಯಾರೋ ತೆಗೆದುಕೊಂಡರೆಂಬುದಕ್ಕಿಂತ ಯಾರೋ ಕೊಟ್ಟರೆಂಬುದನ್ನೇ ಈ ಶಬ್ದ ಮುಂದಿಡುತ್ತದೆ. ನಮ್ಮ ವಿಜಯಪುರ ಸೀಮೆಯ ಆಡುಮಾತಿನಲ್ಲಿ ಇದಕ್ಕೆ ಇನ್ನೂ ಆಪ್ತವಾದ ಒಂದು ಮಾತುಂಟು: ಕೂಸನ್ನು 'ಉಡಿಯಲ್ಲಿ ಹಾಕುವುದು'. ಹಡೆದವಳು ನಾಲ್ಕು ಜನ ಹಿರಿಯರ ಎದುರಿನಲ್ಲಿ ತನ್ನ ಕೂಸನ್ನು ಅಕ್ಕನ ಉಡಿಯಲ್ಲಿಯೋ ನೆಗೆಣ್ಣಿಯ ಉಡಿಯಲ್ಲಿಯೋ ಹಾಕಿದಳೆಂದರೆ ಅಲ್ಲಿಗೆ ಎಲ್ಲ ಮುಗಿಯಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಹಳ್ಳಿಗಳಲ್ಲಿ ಹೀಗೆ ಉಡಿಗೆ ಬಂದು ಬೆಳೆದು ಮನೆತನ ನಡೆಸಿದವರು ಎಷ್ಟೋ ಜನ.

ಆದರೆ ಉಡಿ ಮನೆಯದಾದರೂ ಮುದ್ರೆ ಸರಕಾರದ್ದು ಎಂಬ ಸಂಗತಿಯನ್ನು ನಮ್ಮ ಉತ್ತರ ಕರ್ನಾಟಕ ಬಹಳ ಹಿಂದೆಯೇ ಕಂಡುಕೊಂಡಿದೆ. 1824ರಲ್ಲಿ ಕಿತ್ತೂರಿನ ದೇಸಗತಿಗೆ ಶಿವಲಿಂಗಪ್ಪನನ್ನು ದತ್ತಕ ಪಡೆದುದನ್ನು ಕಂಪನಿ ಸರಕಾರ ಒಪ್ಪಲಿಲ್ಲ. ಆ ಅಸಮ್ಮತಿಯಿಂದಲೇ ರಾಣಿ ಚೆನ್ನಮ್ಮನ ಯುದ್ಧ ಹುಟ್ಟಿತು. 1858ರ ನರಗುಂದದ ಬಂಡಾಯಕ್ಕೂ ಮೂಲಕಾರಣ ಬಾಬಾಸಾಹೇಬನಿಗೆ ದತ್ತಕದ ಅನುಮತಿ ದೊರೆಯದೇ ಹೋದದ್ದು. ಸಂಸ್ಥಾನಗಳ ಕಾಲ ಹೋಯಿತು. ಪ್ರಶ್ನೆ ಮಾತ್ರ ಹೋಗಲಿಲ್ಲ. ಒಂದು ಮನೆತನ ತನ್ನದೆಂದು ಎತ್ತಿಕೊಂಡ ಮಗುವನ್ನು ಅದರದೆಂದು ಹೇಳುವ ಅಧಿಕಾರ ಯಾರದು? ಈ ಪ್ರಶ್ನೆಯನ್ನು ನಾನಿಂದು ನಮ್ಮ ತಾಲೂಕುಗಳ ಒಂದು ಸಾಧಾರಣ ಕ್ರೈಸ್ತ ಕುಟುಂಬವನ್ನು ಮುಂದಿಟ್ಟುಕೊಂಡು ಪರಿಶೀಲಿಸಬಯಸುತ್ತೇನೆ. ಆ ಕುಟುಂಬದ ಎರಡು ತಲೆಮಾರುಗಳು ಈ ಪ್ರಶ್ನೆಯ ಎದುರು ನಿಂತಿವೆ. ಮೊದಲನೆಯದಕ್ಕೆ ಧರ್ಮ ಅಡ್ಡ ಬಂತು, ಎರಡನೆಯದಕ್ಕೆ ದೇಶದ ಗಡಿ.

ನಮ್ಮ ಭಾಗದಲ್ಲಿ ಕ್ರೈಸ್ತರ ಸಂಖ್ಯೆ ಬಹಳ ಸಣ್ಣದು. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೂ 1851ರಲ್ಲಿ ಗುಳೇದಗುಡ್ಡಕ್ಕೂ ಬಂದು ನೆಲೆಸಿದರು. 1876ರಿಂದ 1878ರವರೆಗಿನ ಮಹಾಕ್ಷಾಮ, ಆಗ ಕಲಾದಗಿ ಜಿಲ್ಲೆಯೆಂದು ಕರೆಯಲ್ಪಡುತ್ತಿದ್ದ ನಮ್ಮ ಸೀಮೆಯನ್ನು ಸುಟ್ಟು ಬೂದಿ ಮಾಡಿತು. ತಂದೆ-ತಾಯಿಗಳನ್ನು ಕಳೆದುಕೊಂಡ ಮಕ್ಕಳು ಮಿಶನ್ನಿನ ಅನಾಥಾಲಯಗಳನ್ನು ಸೇರಿದರು. ನಾನು ಹೇಳುತ್ತಿರುವ ಕುಟುಂಬದ ಹಿರಿಯರು ತಮ್ಮ ಮೂಲಪುರುಷನನ್ನು ಅಂಥ ಒಬ್ಬ ಬಾಲಕನೆಂದೇ ನೆನೆಯುತ್ತಾರೆ. ಯಾರೋ ಸಾಕಿದ ಮಗುವಿನಿಂದ ಬೆಳೆದ ವಂಶ ಅದು. ಬೈಬಲ್ಲಿನಲ್ಲಿಯೂ ಮೋಶೆಯನ್ನು ಸಾಕಿದವಳು ಪರದೇಶದ ರಾಜಕುಮಾರಿ. ಸಂತ ಪೌಲನು ರೋಮಾಪುರದವರಿಗೆ ಬರೆದ ಪತ್ರದಲ್ಲಿ ದೇವರಿಗೂ ಭಕ್ತನಿಗೂ ಇರುವ ಸಂಬಂಧವನ್ನು ತಿಳಿಸಲು ದತ್ತಕದ ಹೋಲಿಕೆಯನ್ನೇ ತರುತ್ತಾನೆ. ಹೀಗೆ ಇತಿಹಾಸದಲ್ಲಿಯೂ ಶ್ರದ್ಧೆಯಲ್ಲಿಯೂ ದತ್ತಕಕ್ಕೆ ಇಷ್ಟು ಹತ್ತಿರವಾದ ಸಮುದಾಯಕ್ಕೆ ಸ್ವತಂತ್ರ ಭಾರತದಲ್ಲಿ ಬಹುಕಾಲ ದತ್ತಕದ ಕಾಯಿದೆಯೇ ಇರಲಿಲ್ಲವೆಂಬುದು ವಿಚಿತ್ರವಾದರೂ ಸತ್ಯ.

1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆ ಹಿಂದೂ, ಬೌದ್ಧ, ಜೈನ, ಸಿಖ್ಖರಿಗೆ ಮಾತ್ರ ಅನ್ವಯಿಸುವಂಥದು. ಉಳಿದವರಿಗೆ ಇದ್ದದ್ದು ಬ್ರಿಟಿಷರು 1890ರಲ್ಲಿ ಮಾಡಿದ ಪಾಲಕರು ಮತ್ತು ಪಾಲ್ಯರ ಕಾಯಿದೆ. ಇದರ ಅಡಿಯಲ್ಲಿ ಮಗುವನ್ನು ಸಾಕಲು ನ್ಯಾಯಾಲಯ ಅಪ್ಪಣೆ ಕೊಡುತ್ತದೆ. ಆದರೆ ಸಾಕಿದವನು ತಂದೆಯಾಗುವುದಿಲ್ಲ, ಪಾಲಕನಾಗುತ್ತಾನೆ. ಮಗು ಪ್ರಾಪ್ತವಯಸ್ಕವಾದ ದಿನ ಆ ಸಂಬಂಧವೂ ಕಾಗದದ ಮೇಲೆ ಮುಗಿದುಹೋಗುತ್ತದೆ. ಉತ್ತರಾಧಿಕಾರ ತಾನಾಗಿ ಬರುವುದಿಲ್ಲ.

ಆ ಮನೆಯ ಹಿರಿಯ ಮಗಳು ಸಿಂದಗಿಯ ಕಡೆಗೆ ಮದುವೆಯಾಗಿ ಹೋದವರು. ಮಕ್ಕಳಾಗಲಿಲ್ಲ. 1979ರಲ್ಲಿ ಅವರು ಒಂದು ಗಂಡುಕೂಸನ್ನು ತಂದು ಸಾಕಿದರು. ಇಗರ್ಜಿಯಲ್ಲಿ ದೀಕ್ಷಾಸ್ನಾನವಾಯಿತು, ಊರಿಗೆಲ್ಲ ಊಟವಾಯಿತು, ಹೆಸರೂ ಆಯಿತು. ಆದರೆ ನ್ಯಾಯಾಲಯದ ಕಾಗದದಲ್ಲಿ ಆ ದಂಪತಿಗಳು ಪಾಲಕರು ಮಾತ್ರ. ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರನ್ನು ಬರೆಯುವಾಗಲೆಲ್ಲ ಒಂದು ವಿವರಣೆ ಕೊಡಬೇಕು. ಆ ಹಿರಿಯರು ನಾಲ್ಕು ಎಕರೆ ಜಮೀನನ್ನೂ ಮನೆಯನ್ನೂ ಮಗನ ಹೆಸರಿಗೆ ಮೃತ್ಯುಪತ್ರ ಬರೆದಿಟ್ಟರು. ಬರೆಯದೇ ಹೋಗಿದ್ದರೆ ಕಾಯಿದೆಯ ಕಣ್ಣಿನಲ್ಲಿ ಆ ಮಗ ಪರಕೀಯನಾಗುತ್ತಿದ್ದ. ಅವರ ತಂಗಿ ನನ್ನ ಅಧ್ಯಾಪನದ ಮೊದಲ ವರ್ಷಗಳ ವಿದ್ಯಾರ್ಥಿನಿ, ಮುಂದೆ ತಾವೂ ಕನ್ನಡ ಶಿಕ್ಷಕಿಯಾಗಿ ನಿವೃತ್ತರಾದವರು. ಕರ್ಣನನ್ನು ಕುರಿತು ಪಾಠ ಮಾಡುವಾಗ ಆಕೆ ಒಮ್ಮೆ ಕೇಳಿದ್ದು ನನಗಿನ್ನೂ ನೆನಪಿದೆ: “ಸರ, ಸಾಕಿದಾಕಿ ಹೆಸರಿನ ಮ್ಯಾಲೆ ಕರ್ಣಗ ರಾಧೇಯ ಅಂತ ಹೆಸರು ಬಂತು. ನಮ್ಮ ಅಕ್ಕನ ಮಗಗ ಯಾಕ ಬರಂಗಿಲ್ಲರಿ?” ತರಗತಿಯಲ್ಲಿ ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಅದು ಸಂಸತ್ತು ಉತ್ತರಿಸಬೇಕಾದ ಪ್ರಶ್ನೆಯಾಗಿತ್ತು.

ಸಂಸತ್ತು ಯತ್ನಿಸದೇ ಇರಲಿಲ್ಲ. ಎಲ್ಲ ಧರ್ಮದವರಿಗೂ ಅನ್ವಯಿಸುವ ದತ್ತಕ ಮಸೂದೆಯೊಂದು 1972ರಲ್ಲಿ ಮಂಡಿತವಾಗಿ 1978ರಲ್ಲಿ ಹಿಂದಕ್ಕೆ ಹೋಯಿತು. 1980ರಲ್ಲಿ ಬಂದ ಇನ್ನೊಂದು ಮಸೂದೆಯೂ ಕಾಯಿದೆಯಾಗಲಿಲ್ಲ. ಕೊನೆಗೆ ಬಾಗಿಲು ತೆರೆದದ್ದು ವೈಯಕ್ತಿಕ ಕಾನೂನಿನ ಕಡೆಯಿಂದಲ್ಲ, ಮಕ್ಕಳ ರಕ್ಷಣೆಯ ಕಡೆಯಿಂದ. 2000ದ ಬಾಲನ್ಯಾಯ ಕಾಯಿದೆ ಅನಾಥ, ಪರಿತ್ಯಕ್ತ ಮಕ್ಕಳ ದತ್ತಕಕ್ಕೆ ಅವಕಾಶ ಕಲ್ಪಿಸಿತು. 2006ರ ತಿದ್ದುಪಡಿ, ದತ್ತಕ ಬಂದ ಮಗು ಸಕಲ ಹಕ್ಕುಗಳಿಂದ ಕೂಡಿದ ನ್ಯಾಯಸಮ್ಮತ ಮಗುವೇ ಆಗುತ್ತದೆಂದು ಸ್ಪಷ್ಟಪಡಿಸಿತು. 2014ರ ಫೆಬ್ರವರಿಯಲ್ಲಿ ಶಬನಮ್ ಹಾಶ್ಮಿ ಅವರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಯಾವ ಧರ್ಮದವರೇ ಆಗಲಿ ಈ ಕಾಯಿದೆಯ ಮೂಲಕ ದತ್ತಕ ಪಡೆಯಬಹುದೆಂದು ಹೇಳಿತು. ಸಿಂದಗಿಯ ಆ ದಂಪತಿಗಳ ಪಾಲಿಗೆ ಈ ಮಾತು ಮೂವತ್ತೈದು ವರ್ಷ ತಡವಾಗಿ ಬಂತು. ಆದರೂ ಬಂತು.

ಇನ್ನು ಎರಡನೆಯ ತಲೆಮಾರಿನ ಕಥೆಗೆ ಬರುವ ಮೊದಲು, ಪರದೇಶಕ್ಕೆ ಮಕ್ಕಳನ್ನು ಕೊಡುವ ವಿಷಯದಲ್ಲಿ ಸರಕಾರ ಏಕೆ ಇಷ್ಟು ಬಿಗಿಯಾಯಿತೆಂಬುದನ್ನು ತಿಳಿಯಬೇಕು. ಅದನ್ನು ತಿಳಿಯದೆ ಬರಿಯ ಕಚೇರಿಗಳನ್ನು ದೂರುವುದು ನ್ಯಾಯವಲ್ಲ.

1982ರಲ್ಲಿ ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು ಸರ್ವೋಚ್ಚ ನ್ಯಾಯಾಲಯಕ್ಕೆ ಒಂದು ಪತ್ರ ಬರೆದರು. ಭಾರತದ ಮಕ್ಕಳನ್ನು ವಿದೇಶೀಯರಿಗೆ ಕೊಡುವುದರಲ್ಲಿ ಅಕ್ರಮಗಳು ನಡೆಯುತ್ತಿವೆ, ಮಕ್ಕಳು ದೂರದ ಪ್ರಯಾಣದ ಅಪಾಯಕ್ಕೂ ಮುಂದೆ ಅನಾದರಕ್ಕೂ ಗುರಿಯಾಗುತ್ತಿದ್ದಾರೆ ಎಂಬುದು ಅದರ ಸಾರ. ಆ ಪತ್ರವನ್ನೇ ಅರ್ಜಿಯೆಂದು ಸ್ವೀಕರಿಸಿ, ನ್ಯಾಯಮೂರ್ತಿ ಪಿ. ಎನ್. ಭಗವತಿಯವರು 1984ರ ಫೆಬ್ರವರಿ 6ರಂದು ವಿಸ್ತಾರವಾದ ತೀರ್ಪನ್ನಿತ್ತರು. ಮಗುವಿಗೆ ಮೊದಲು ತನ್ನ ದೇಶದಲ್ಲಿಯೇ ಮನೆ ಹುಡುಕಬೇಕು. ಅದು ಸಾಧ್ಯವಾಗದಿದ್ದಾಗ ಮಾತ್ರ ಹೊರದೇಶ. ವಿದೇಶೀಯ ದಂಪತಿಗಳ ಮನೆಯ ಸ್ಥಿತಿಗತಿಯನ್ನು ಅಲ್ಲಿಯ ಮಾನ್ಯತೆ ಪಡೆದ ಸಂಸ್ಥೆ ಪರಿಶೀಲಿಸಿ ವರದಿ ಕೊಡಬೇಕು. ಹಣದ ವ್ಯವಹಾರಕ್ಕೆ ಆಸ್ಪದವಿರಕೂಡದು. ಈ ತತ್ತ್ವಗಳ ಮೇಲೆ 1990ರಲ್ಲಿ ಕೇಂದ್ರೀಯ ದತ್ತಕ ಸಂಸ್ಥೆ, ಅಂದರೆ ಇಂದು 'ಕಾರಾ' ಎಂದು ಹೆಸರಾಗಿರುವ ಪ್ರಾಧಿಕಾರ, ಸ್ಥಾಪನೆಯಾಯಿತು. 1993ರ ಹೇಗ್ ಒಪ್ಪಂದವನ್ನು ಭಾರತ 2003ರಲ್ಲಿ ಅನುಮೋದಿಸಿತು.

ಈ ಎಚ್ಚರಿಕೆ ಅನಾವಶ್ಯಕವಾಗಿರಲಿಲ್ಲ. 1999ರಿಂದ 2001ರ ಅವಧಿಯಲ್ಲಿ ನೆರೆಯ ಆಂಧ್ರದ ಲಂಬಾಣಿ ತಾಂಡಾಗಳಿಂದ ಹೆಣ್ಣುಕೂಸುಗಳನ್ನು ಅಲ್ಪ ಹಣಕ್ಕೆ ಪಡೆದು ದತ್ತಕ ಕೇಂದ್ರಗಳಿಗೆ ತಲುಪಿಸುತ್ತಿದ್ದ ಜಾಲಗಳು ಬಯಲಾದವು. ನಮ್ಮ ನಾಲ್ಕೂ ತಾಲೂಕುಗಳಲ್ಲಿ ತಾಂಡಾಗಳಿವೆ. ಮಳೆ ಕೈಕೊಟ್ಟ ವರ್ಷ ಗೋವೆ, ಮಹಾರಾಷ್ಟ್ರಗಳಿಗೆ ಗುಳೆ ಹೋಗುವ ಕುಟುಂಬಗಳಿವೆ. ಬಡವಿಯ ಕೂಸಿಗೆ ಬೆಲೆ ಕಟ್ಟುವವನು ಅಲ್ಲಿ ಬಂದವನು ಇಲ್ಲಿ ಬರಲಾರನೇ? ಇನ್ನೊಂದು ದಾರುಣ ಉದಾಹರಣೆ: 1980ರ ದಶಕದ ಕೊನೆಯಲ್ಲಿ ಮುಂಬಯಿಯಿಂದ ಅಮೆರಿಕೆಗೆ ದತ್ತಕ ಹೋಗಿ ಅಲ್ಲಿಯೇ ಬೆಳೆದು ತಾಯಿಯಾಗಿದ್ದ ಒಬ್ಬ ಮಹಿಳೆಯನ್ನು, ಸಾಕಿದವರು ಪೌರತ್ವದ ಕಾಗದಗಳನ್ನು ಪೂರ್ತಿಗೊಳಿಸಿರಲಿಲ್ಲವಾಗಿ, ಆಕೆ ಒಂದು ಅಪರಾಧಕ್ಕೆ ಸಿಕ್ಕಿಬಿದ್ದ ನಂತರ 2008ರಲ್ಲಿ ಭಾರತಕ್ಕೆ ಗಡೀಪಾರು ಮಾಡಲಾಯಿತು. ಇಲ್ಲಿಯ ಭಾಷೆ ತಿಳಿಯದ, ಇಲ್ಲಿ ಯಾರೂ ಇಲ್ಲದ ಸ್ವದೇಶಕ್ಕೆ ಆಕೆ ಬಂದಿಳಿದಳು. ಒಂದು ಕಾಗದದ ಕೊರತೆ ಒಂದು ಜೀವವನ್ನು ಎಲ್ಲಿಗೆ ಮುಟ್ಟಿಸಬಲ್ಲದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹೀಗಿರುವಾಗ ನನ್ನ ಹಳೆಯ ವಿದ್ಯಾರ್ಥಿನಿಯ ಮಗಳ ಸಂಗತಿಯನ್ನು ನೋಡೋಣ. ಆಕೆ ಶುಶ್ರೂಷಕಿಯಾಗಿ ಅಮೆರಿಕೆಗೆ ಹೋಗಿ ನೆಲೆಸಿದವಳು. ಗಂಡನೂ ನಮ್ಮ ಕಡೆಯವನೇ. ಇಬ್ಬರೂ ಅಲ್ಲಿಯ ಪೌರತ್ವ ಪಡೆದಿದ್ದಾರೆ. ಮದುವೆಯಾಗಿ ಎಂಟು ವರ್ಷಗಳಾದರೂ ಮಕ್ಕಳಿರಲಿಲ್ಲ. 2021ರ ಮೇ ತಿಂಗಳಲ್ಲಿ, ಕೊರೋನಾದ ಎರಡನೆಯ ಅಲೆಯಲ್ಲಿ, ಮುದ್ದೇಬಿಹಾಳ ತಾಲೂಕಿನಲ್ಲಿದ್ದ ಆಕೆಯ ಕಾಕಾನ ಮಗ ತೀರಿಕೊಂಡ. ಅವನ ಹೆಂಡತಿ ಎರಡು ವರ್ಷ ಮೊದಲೇ ಹೋಗಿದ್ದಳು. ಉಳಿದದ್ದು ಮೂರು ವರ್ಷದ ಒಬ್ಬ ಹುಡುಗ ಮತ್ತು ಅರವತ್ತೆಂಟು ವರ್ಷದ ಆಯಿ. ಆ ಹುಡುಗನನ್ನು ತಾವು ಮಗನನ್ನಾಗಿ ಮಾಡಿಕೊಳ್ಳುವುದೆಂದು ಅಮೆರಿಕೆಯ ದಂಪತಿಗಳು ನಿಶ್ಚಯಿಸಿದರು. ಆಯಿ ಒಪ್ಪಿದಳು. ಬಂಧುಬಳಗದವರು ಒಪ್ಪಿದರು. ಪಾದ್ರಿಗಳು ಪ್ರಾರ್ಥನೆ ಮಾಡಿ ಹರಸಿದರು. ಹಳೆಯ ಕಾಲವಾಗಿದ್ದರೆ ಕೂಸು ಉಡಿಗೆ ಬಂದೇಬಿಟ್ಟಿತ್ತು.

ಆದರೆ ಬಾಲನ್ಯಾಯ ಕಾಯಿದೆ 'ಸಂಬಂಧಿ' ಎಂಬ ಶಬ್ದಕ್ಕೆ ತನ್ನದೇ ಅರ್ಥ ಕೊಟ್ಟಿದೆ. ತಂದೆಯ ಕಡೆಯ ಅಥವಾ ತಾಯಿಯ ಕಡೆಯ 'ಅಂಕಲ್', 'ಆಂಟ್', ಮತ್ತು ಎರಡೂ ಕಡೆಯ ಅಜ್ಜ-ಅಜ್ಜಿ, ಇಷ್ಟೇ. ಭಾಷೆಯ ವಿದ್ಯಾರ್ಥಿಯಾಗಿ ನನಗೆ ಇಲ್ಲಿಯೇ ತೊಡಕಿನ ಮೂಲ ಕಾಣುತ್ತದೆ. ಇಂಗ್ಲಿಷಿನ 'ಆಂಟ್' ಮುಖ್ಯವಾಗಿ ತಂದೆ-ತಾಯಿಯ ಒಡಹುಟ್ಟಿದವಳು. ತಂದೆಯ ಕಾಕಾನ ಮಗಳು ಅಲ್ಲಿ 'ಕಸಿನ್' ಎಂಬ ಬೇರೆ ಗುಂಪಿಗೆ ಸೇರುತ್ತಾಳೆ. ನಮ್ಮಲ್ಲಿ ತಂದೆಗೆ ಅಕ್ಕ ಅಥವಾ ತಂಗಿ ಎನ್ನಿಸಿಕೊಳ್ಳುವವಳು, ಒಡಹುಟ್ಟಿದವಳಾಗಲಿ ಕಾಕಾನ ಮಗಳಾಗಲಿ, ಮಗುವಿಗೆ ಅತ್ತಿಯೇ. ಆ ಹುಡುಗ ಫೋನಿನಲ್ಲಿ ಆಕೆಯನ್ನು 'ಅತ್ತಿ' ಎಂದೇ ಕರೆಯುತ್ತಾನೆ. ಕಾಯಿದೆಯನ್ನು ಓದಿದವರು, ಆಕೆ ಅವನ ಅತ್ತಿಯಲ್ಲವೆಂದರು. “ಸರ, ನಮ್ಮ ಮನ್ಯಾಗ ಖಾಸಾ ತಂಗಿ, ಕಾಕಾನ ಮಗಳು ಅಂತ ಬ್ಯಾರೆ ಮಾಡಿಲ್ಲರಿ. ಕಾಯಿದೆದಾಗ ಮಾತ್ರ ಮಾಡ್ಯಾರ” ಎಂದು ಆ ತಾಯಿ ನನಗೆ ಹೇಳಿದರು. ಬಂಧುತ್ವದ ಬಗೆಗೆ ಒಂದು ಇಡೀ ವ್ಯಾಸಂಗ ಆ ಮಾತಿನಲ್ಲಿದೆ.

ಇದೇ ಸ್ಥಿತಿಯಲ್ಲಿ ನೆರೆಮನೆಯ ಹಿಂದೂ ಕುಟುಂಬವಿದ್ದಿದ್ದರೆ 1956ರ ಕಾಯಿದೆಯ ದಾರಿಯೊಂದು ಇರುತ್ತಿತ್ತು. ತಂದೆ-ತಾಯಿ ಇಲ್ಲದ ಮಗುವನ್ನು ನ್ಯಾಯಾಲಯದ ಅನುಮತಿ ಪಡೆದು ಅದರ ಪಾಲಕರು ದತ್ತಕ ಕೊಡಬಹುದು. ಪಡೆಯುವವರು ಒಡಹುಟ್ಟಿದವರೇ ಆಗಬೇಕೆಂಬ ನಿಯಮವಿಲ್ಲ. ಹೀಗೆ ನಡೆದ ದತ್ತಕಗಳಲ್ಲಿ ಮಗುವನ್ನು ಹೊರದೇಶಕ್ಕೆ ಕರೆದೊಯ್ಯಲು ಅನುಕೂಲವಾಗುವಂಥ ನಿಯಮಗಳನ್ನು 2021ರಲ್ಲಿ ಮಾಡಲಾಯಿತು. ಆ ದಾರಿ ಕ್ರೈಸ್ತರಿಗಿಲ್ಲ. ಧರ್ಮದ ಬಾಗಿಲು ತೆರೆಯಿತೆಂದು ನಾನು ಈಗ ತಾನೆ ಹೇಳಿದೆನಷ್ಟೆ. ಗಡಿಯ ಬಳಿ ಬಂದಾಗ ಅದು ಮತ್ತೆ ಅರ್ಧ ಮುಚ್ಚಿಕೊಳ್ಳುತ್ತದೆ.

ಉಳಿದದ್ದು ಒಂದೇ ಉಪಾಯ. ಹುಡುಗನನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಒಪ್ಪಿಸಿ, ಅವನು ದತ್ತಕಕ್ಕೆ ಮುಕ್ತನೆಂದು ಘೋಷಣೆಯಾದ ಮೇಲೆ, ಇಡೀ ದೇಶದ ಸರದಿಯಲ್ಲಿ ನಿಲ್ಲುವುದು. ಆದರೆ ಆ ಸರದಿಯಲ್ಲಿ ಮಗು ಹೋಗುವುದು ಮುಂದೆ ನಿಂತವರಿಗೆ, ಅತ್ತಿಗಲ್ಲ. “ನನ್ನ ಮೊಮ್ಮಗನ್ನ ನಾ ಯಾರಿಗೆ ಕೊಟ್ಟೆ ಅಂತ ನನಗಽ ಗೊತ್ತಾಗಬಾರದಂದ್ರ ಹೆಂಗ?” ಎಂದು ಆಯಿ ಕೇಳಿದಳು. ಕೊಡಲಿಲ್ಲ. ಆಕೆ ಮಾಡಿದ್ದೇ ಸರಿಯೆಂದು ನಾನು ತಿಳಿಯುತ್ತೇನೆ. ಹುಡುಗ ಈಗಲೂ ಆಯಿಯ ಬಳಿಯಲ್ಲಿದ್ದಾನೆ, ಶಾಲೆಗೆ ಹೋಗುತ್ತಾನೆ. ಅತ್ತಿ ಖರ್ಚಿಗೆ ಕಳಿಸುತ್ತಾಳೆ. ಆಯಿಗೆ ವಯಸ್ಸಾಗುತ್ತಿದೆ ಎಂಬ ಚಿಂತೆ ಮಾತ್ರ ಎರಡೂ ಕಡೆ ಬೆಳೆಯುತ್ತಿದೆ.

ಆ ದಂಪತಿಗಳು ಮುಂದೆ 2022ರಲ್ಲಿ ಬೇರೊಂದು ಮಗುವಿಗಾಗಿ ಹೆಸರು ನೋಂದಾಯಿಸಿದರು. ಸಾಮಾನ್ಯವಾಗಿ ವಿದೇಶದಲ್ಲಿರುವವರಿಗೆ ದೊರೆಯುವುದು ಇಲ್ಲಿ ಯಾರೂ ಮುಂದೆ ಬಾರದ ಮಕ್ಕಳು: ವಯಸ್ಸು ಮೀರಿದವರು, ಒಡಹುಟ್ಟಿದವರ ಜೊತೆಯಿರುವವರು, ದೇಹದಲ್ಲಿ ಏನಾದರೊಂದು ಊನವುಳ್ಳವರು. ಇದು ಯೋಚಿಸಬೇಕಾದ ಸಂಗತಿ. 2024-25ರಲ್ಲಿ ದೇಶದಲ್ಲಿ ನಡೆದ 4,515 ದತ್ತಕಗಳ ಪೈಕಿ 4,155 ದೇಶದೊಳಗಿನವೇ. ಮಗು ಬೇಕೆಂದು ಮೂರು-ನಾಲ್ಕು ವರ್ಷ ಕಾಯುವ ಸಾವಿರಾರು ಭಾರತೀಯ ದಂಪತಿಗಳಿದ್ದಾರೆ. ಆದರೆ ಅವರ ಮನಸ್ಸು ಆರೋಗ್ಯವಂತ ಹಸುಗೂಸಿನ ಮೇಲೆ. ಕಿವಿ ಕೇಳದ ನಾಲ್ಕು ವರ್ಷದ ಹುಡುಗಿಯ ಸರದಿಯಲ್ಲಿ ಯಾರೂ ನಿಂತಿರುವುದಿಲ್ಲ.

ಅಂಥ ಒಬ್ಬ ಹುಡುಗಿಯ ಭಾವಚಿತ್ರವೂ ವೈದ್ಯಕೀಯ ವರದಿಯೂ ಅವರಿಗೆ ಬಂದವು. ಶುಶ್ರೂಷಕಿಯಾದ ಆಕೆ ವರದಿಯನ್ನು ಓದಿ ಅಂದೇ ಒಪ್ಪಿದಳು. ಅನಂತರ ಆ ದೇಶದ ವಲಸೆ ಇಲಾಖೆಯ ಅನುಮತಿ, ಕಾರಾದ ನಿರಾಕ್ಷೇಪಣಾ ಪತ್ರ, ಜಿಲ್ಲಾಧಿಕಾರಿಗಳ ದತ್ತಕ ಆದೇಶ, ಜನನ ಪ್ರಮಾಣಪತ್ರ, ಪಾಸ್‌ಪೋರ್ಟು, ವೀಸಾ. ಮೊದಲು ನ್ಯಾಯಾಲಯದಲ್ಲಿದ್ದ ಆದೇಶದ ಅಧಿಕಾರ 2022ರ ಸೆಪ್ಟೆಂಬರ್ 1ರಿಂದ ಜಿಲ್ಲಾಧಿಕಾರಿಗಳಿಗೆ ಬಂದಿದೆ; ಕಾಯಿದೆ ಅದಕ್ಕೆ ಎರಡು ತಿಂಗಳ ಅವಧಿಯನ್ನೂ ಗೊತ್ತುಮಾಡಿದೆ. ಆದರೆ ಒಂದು ಕಾಗದದ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೆ ತಿಂಗಳು ಹೋಗುತ್ತದೆ. ಅಷ್ಟರಲ್ಲಿ ದಂಪತಿಗಳ ಬೆರಳಚ್ಚಿನ ಅವಧಿ ತೀರಿ ಮತ್ತೆ ಕೊಡಬೇಕಾಗುತ್ತದೆ. ಭಾವಚಿತ್ರದಲ್ಲಿ ನಾಲ್ಕು ವರ್ಷದವಳಾಗಿದ್ದ ಹುಡುಗಿ ಮನೆ ಸೇರುವಾಗ ಐದನ್ನು ದಾಟಿದ್ದಳು. ಕಿವಿಯ ಚಿಕಿತ್ಸೆಗೂ ಮಾತಿನ ಶಿಕ್ಷಣಕ್ಕೂ ಬಾಲ್ಯದ ಒಂದೊಂದು ತಿಂಗಳೂ ಅಮೂಲ್ಯವೆಂದು ಬಲ್ಲವರಿಗೆ ಈ ವರ್ಷದ ಬೆಲೆ ತಿಳಿದೀತು.

ಶ್ರೋತೃಗಳೇ, ಈ ಎರಡು ತಲೆಮಾರಿನ ಅನುಭವದಿಂದ ನಾನು ಕಾಣುವ ತಾತ್ಪರ್ಯ ಇದು. ಪರೀಕ್ಷೆಗಾಗಿ ತೆಗೆದುಕೊಂಡ ಕಾಲ ಮಗುವಿನ ರಕ್ಷಣೆಗೆ ಸಲ್ಲುತ್ತದೆ. ಅದನ್ನು ಯಾವ ತಾಯಿ-ತಂದೆಯೂ ಆಕ್ಷೇಪಿಸಬಾರದು. ಕಡತ ಸುಮ್ಮನೆ ಮಲಗಿದ ಕಾಲ ಮಾತ್ರ ಮಗುವಿನ ಆಯುಷ್ಯದಿಂದ ಕದ್ದದ್ದು. ಇವೆರಡನ್ನೂ ನಾವು 'ವಿಳಂಬ' ಎಂಬ ಒಂದೇ ಹೆಸರಿನಿಂದ ಕರೆಯುತ್ತೇವೆ. ಆದ್ದರಿಂದಲೇ ಒಂದು ಕಡೆಯವರು ನಿಯಮಗಳನ್ನೆಲ್ಲ ಕಿತ್ತುಹಾಕಿರೆನ್ನುತ್ತಾರೆ, ಇನ್ನೊಂದು ಕಡೆಯವರು ಎಲ್ಲ ವಿಳಂಬಕ್ಕೂ ನಿಯಮದ ಹೆಸರು ಹೇಳುತ್ತಾರೆ.

ಆಗಬೇಕಾದದ್ದೇನು? 'ಸಂಬಂಧಿ' ಎಂಬ ಶಬ್ದದ ಅರ್ಥವನ್ನು ಈ ನೆಲದ ಬಂಧುತ್ವಕ್ಕೆ ಒಪ್ಪುವಂತೆ ಹಿಗ್ಗಿಸಬೇಕು. ದಾಯಾದಿಯ ಮಗುವನ್ನು ಸಾಕಬಯಸುವವರ ಯೋಗ್ಯತೆಯನ್ನು ಎಷ್ಟು ಬೇಕಾದರೂ ಬಿಗಿಯಾಗಿ ಪರೀಕ್ಷಿಸಲಿ. ಆದರೆ ಅವರನ್ನು ಅಪರಿಚಿತರ ಸಾಲಿನಲ್ಲಿ ನಿಲ್ಲಿಸಬಾರದು. ಈ ವಿಷಯದಲ್ಲಿ ಹಿಂದೂ, ಕ್ರೈಸ್ತ, ಮುಸಲ್ಮಾನರೆಂಬ ಭೇದವೂ ಉಳಿಯಬಾರದು. ಹಾಗೆಯೇ ಪ್ರತಿಯೊಂದು ಮಗುವಿನ ಹುಟ್ಟಿನ ದಾಖಲೆಯನ್ನು ಜೋಪಾನವಾಗಿಡಬೇಕು. ಅರಮನೆಯಲ್ಲಿ ಬೆಳೆದ ಮೋಶೆಯೂ ಒಂದು ದಿನ ತನ್ನವರು ಯಾರೆಂದು ಹುಡುಕಿಕೊಂಡು ಹೊರಟವನೇ.

ಕ್ರೈಸ್ತ ಬಂಧುಗಳಿಗೂ ಒಂದು ಮಾತು. ದೇಶ-ವಿದೇಶಗಳಲ್ಲಿ ದತ್ತಕವನ್ನು ಧರ್ಮಕಾರ್ಯವೆಂದು ಭಾವಿಸಿ ಮುಂದೆ ಬರುವ ಸಾತ್ತ್ವಿಕರು ಬಹಳ. ಆ ಭಾವನೆ ದೊಡ್ಡದು. ಆದರೆ ಮಗುವನ್ನು 'ಉದ್ಧರಿಸುತ್ತೇವೆ' ಎಂದು ಹೊರಟವರಿಗೆ ಅವಸರ ಹೆಚ್ಚು, ವಿಚಾರಣೆಯ ಬಗೆಗೆ ಅಸಹನೆ ಹೆಚ್ಚು. ಆ ಅವಸರವನ್ನೇ ದಲ್ಲಾಳಿಗಳು ಬಂಡವಾಳ ಮಾಡಿಕೊಂಡರು. ನೆದರ್ಲೆಂಡ್ಸ್ ಇಂಥ ಅಕ್ರಮಗಳ ವರದಿಯ ನಂತರ 2021ರಲ್ಲಿ ಪರದೇಶದ ದತ್ತಕವನ್ನು ತಡೆಹಿಡಿಯಿತು; ಚೀನಾ 2024ರಲ್ಲಿ, ಬಂಧುಗಳಿಗೆ ಕೊಡುವುದನ್ನುಳಿದು, ಪೂರ್ತಿಯಾಗಿ ನಿಲ್ಲಿಸಿತು. ಬಡತನವೊಂದೇ ಕಾರಣವಾಗಿ ತಾಯಿಯೊಬ್ಬಳು ಕೂಸನ್ನು ಬಿಡಲು ಬಂದರೆ, ಆ ಕೂಸಿಗೆ ಹೊಸ ತಾಯಿಯನ್ನು ಹುಡುಕುವ ಮೊದಲು ಹಳೆಯ ತಾಯಿಗೆ ಅನ್ನದ ದಾರಿ ತೋರಿಸುವುದು ಧರ್ಮ. ಕಾಯಿದೆಯೂ ಅಂಥವಳಿಗೆ ಮನಸ್ಸು ಬದಲಿಸಲು ಅರವತ್ತು ದಿನಗಳ ಅವಕಾಶ ಕೊಟ್ಟಿದೆ.

ಕೊನೆಯದಾಗಿ, ನಮ್ಮ ನಾಲ್ಕು ತಾಲೂಕುಗಳ ಕೇಳುಗರಲ್ಲಿ ವಿನಂತಿ. ನಿಮ್ಮ ಊರಿನಲ್ಲಿ ಅನಾಥವಾದ ಅಥವಾ ಯಾರೋ ಬಿಟ್ಟುಹೋದ ಕೂಸು ಕಂಡರೆ, ಒಳ್ಳೆಯ ಮನೆಗೆ ಸೇರಿಸುತ್ತೇನೆಂದು ನಂಬಿಸುವ ಮಧ್ಯಸ್ಥರ ಕೈಗೆ ಕೊಡಬೇಡಿರಿ. 1098 ಎಂಬ ಮಕ್ಕಳ ಸಹಾಯವಾಣಿಗೆ ತಿಳಿಸಿರಿ. ವಿಜಯಪುರದಲ್ಲಿರುವ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ತಿಳಿಸಿರಿ. ದತ್ತಕ ಪಡೆಯಬಯಸುವವರೂ ಅಲ್ಲಿಯೇ ಕೇಳಿರಿ; ಮತ್ತು ಅರ್ಜಿಯಲ್ಲಿ ಹಸುಗೂಸೇ ಬೇಕೆಂದು ಬರೆಯುವ ಮೊದಲು, ಐದು ವರ್ಷದ ಹುಡುಗನನ್ನೋ ಕುಂಟುವ ಹುಡುಗಿಯನ್ನೋ ಕುರಿತು ಮನೆಯವರೊಡನೆ ಒಂದು ಸಂಜೆ ಕುಳಿತು ಮಾತನಾಡಿರಿ. ನಮ್ಮ ಉಡಿಗಳು ಇನ್ನಷ್ಟು ಅಗಲವಾದರೆ ಈ ಮಕ್ಕಳಲ್ಲಿ ಎಷ್ಟೋ ಜನ ಸಮುದ್ರ ದಾಟಬೇಕಾದ ಪ್ರಸಂಗವೇ ಬರಲಿಕ್ಕಿಲ್ಲ.